ಮೇನ್ ಸ್ವಿಚ್ ಹಾಕುವ ಮುನ್ನ

ಜಮಖಂಡಿಯ ಕಾಲೇಜಿನಲ್ಲಿ ನಮಗೆ ಕಾರ್ಖಾನೆ ಸುರಕ್ಷತೆ ಕಲಿಸುತ್ತಿದ್ದ ಸರ್, ತರಗತಿಯ ಫ್ಯಾನ್ ಹಾಕುವಾಗಲೂ ಸ್ವಿಚ್ಚಿನ ಮೇಲೆ ಬೆರಳಿಟ್ಟು, “ಒಳಗ ಯಾರರ ಅದೀರೇನ್ರಿ?” ಎಂದು ಕೂಗಿ ಕಾಯುತ್ತಿದ್ದರು. ನಾವು ನಗುತ್ತಿದ್ದೆವು.

ಒಂದು ಅಮಾವಾಸ್ಯೆ, ಮಗ್ಗಗಳಿಗೆ ಸೂಟಿಯಿದ್ದ ದಿನ, ತಾವು ಹಿಂದೆ ದುಡಿದಿದ್ದ ರಬಕವಿಯ ಪಾವರ್‌ಲೂಮ್ ಶೆಡ್ಡಿಗೆ ನಮ್ಮನ್ನು ಪಾಠಕ್ಕೆಂದು ಕರೆದೊಯ್ದರು. ಮಗ್ಗಗಳ ಸಂದಿಯಲ್ಲೆಲ್ಲ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಾವೆಲ್ಲ ಹೊರಬಂದೆವು. ಸರ್ ಬಾಗಿಲ ಬಳಿಯ ಮೇನ್ ಸ್ವಿಚ್ಚಿಗೆ ಕೈಯಿಟ್ಟು ಎಂದಿನಂತೆ ಕೂಗಿದರು.

“ಓ... ಅದೀನ್ರಿ,” ಎಂದು ಒಳಗಿನಿಂದ ದನಿ ಬಂತು.

ನಾವು ತಲೆ ಎಣಿಸಿಕೊಂಡೆವು; ಎಲ್ಲರೂ ಹೊರಗೇ ಇದ್ದೆವು. ಸರ್ ಮೆಲ್ಲಗೆ ಕೈ ತೆಗೆದು ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿದರು.

“ಅವತ್ತೂ ಹಿಂಗ ಓ ಅಂದಿದ್ರ,” ಎಂದು ಖಾಲಿ ಶೆಡ್ಡಿಗೆ ಹೇಳಿದರು, “ನಾ ಮಗ್ಗ ಚಾಲೂ ಮಾಡ್ತಿದ್ದಿಲ್ಲೋ ತಮ್ಮಾ.”