ಗಿರಿಜತ್ತೆ ಹೋಟೆಲಿನೊಳಗೆ ಬಂದ ದಿನ

ಕಾಫಿಬೀಜ ಹುರಿಯುವ ವಾಸನೆ ಎಲ್ಲಿಂದಲಾದರೂ ತೇಲಿಬಂದರೆ ಇಂದಿಗೂ ನನ್ನ ಎದೆ ಒಮ್ಮೆ ಡವಗುಟ್ಟುತ್ತದೆ. ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆ ಬಸ್ ನಿಲ್ದಾಣದ ಎದುರು ಅಪ್ಪನ ಕಾಫಿ ಹೋಟೆಲಿತ್ತು. ಅದರ ಬೆನ್ನಿಗೇ ನಮ್ಮ ಮನೆ. ಅಡುಗೆಮನೆಗೂ ಹೋಟೆಲಿಗೂ ನಡುವಿನ ಗೋಡೆಯಲ್ಲಿ ತಿಂಡಿ ದಾಟಿಸಲು ಒಂದು ಕಿಂಡಿ. ಒಳಗೆ ದುಡಿಯುತ್ತಿದ್ದವಳು ಅಪ್ಪನ ತಂಗಿ ಗಿರಿಜತ್ತೆ. ಹಿರಿಯೂರಿನ ಗಂಡನ ಮನೆಯಿಂದ, ಹುಬ್ಬಿನ ಮೇಲೊಂದು ಹಸಿ ಗಾಯ ಹೊತ್ತು, ಒಬ್ಬಳೇ ಬಸ್ ಹತ್ತಿ ಬಂದಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಶಾಲೆ ಬಿಟ್ಟ ಮೇಲೆ ಇಬ್ಬರೂ ಆ ಕಿಂಡಿಯಿಂದ ಜನರನ್ನು ನೋಡುತ್ತಿದ್ದೆವು: ಅಡಿಕೆ ಮಂಡಿಯ ದಲ್ಲಾಳಿ ಕಾಫಿಯನ್ನು ಬಸಿಗೆ ಸುರಿದು ಊದುವುದು, ಉತ್ತರಪತ್ರಿಕೆ ತಿದ್ದುವ ಮೇಷ್ಟ್ರು ಒಂದೇ ಲೋಟದಲ್ಲಿ ಸಂಜೆ ಕಳೆಯುವುದು, ದರ್ಜಿ ಸಿದ್ದಣ್ಣ ಮೂಲೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತ ಎಲ್ಲರ ಮಾತಿಗೂ ತಲೆಯಾಡಿಸುವುದು. ಅತ್ತೆ ಅವರಂತೆಯೇ ನಟಿಸಿ ನನ್ನನ್ನು ನಗಿಸುತ್ತಿದ್ದಳು.

ಒಂದು ಸಂಜೆ ಅವಳು ಕಿಂಡಿಯಿಂದ ಸರಕ್ಕನೆ ಹಿಂದೆ ಸರಿದಳು. ಬಾಣಲೆಯಲ್ಲಿ ಕಾಫಿಬೀಜ ಸೀದು ಹೊಗೆಯಾಡಿದರೂ ಇಳಿಸಲಿಲ್ಲ. ಬಾಗಿಲ ಪಕ್ಕದ ಮೇಜಿನ ಮುಂದೆ ಅವಳ ಗಂಡ ಕುಳಿತಿದ್ದ. ಅವನು ಜಗಳವಾಡಲಿಲ್ಲ. ದಿನವೂ ಬಂದು, ಕಾಫಿ ತರಿಸಿಕೊಂಡು, ಕಿಂಡಿಯತ್ತಲೇ ನೋಡುತ್ತ ಕೂರುತ್ತಿದ್ದ. ಅವನ ಆ ಸುಮ್ಮನಿರುವಿಕೆಗೇ ನಾವು ಹೆದರಿದೆವು. ತಂಗಿಯನ್ನು ಕಳಿಸಿಕೊಡುವುದೇ ಮರ್ಯಾದೆ ಎಂದು ಊರಿನ ಹಿರಿಯರು ಅಪ್ಪನಿಗೆ ಬುದ್ಧಿ ಹೇಳತೊಡಗಿದರು. ಅಪ್ಪ ಮೆತ್ತಗಿನ ಮನುಷ್ಯ. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಾನು ಶಾಲೆಯಿಂದ ಓಡಿ ಬಂದು ಮೊದಲು ಅತ್ತೆಯ ಸೀರೆಗಳು ಹಗ್ಗದ ಮೇಲಿವೆಯೇ ಎಂದು ನೋಡುತ್ತಿದ್ದೆ. ಮಲಗುವಾಗ ಅವಳ ಸೆರಗನ್ನು ನನ್ನ ಲಂಗಕ್ಕೆ ಗಂಟು ಹಾಕಿಕೊಳ್ಳುತ್ತಿದ್ದೆ.

ಕೊನೆಗೊಂದು ಸಂತೆಯ ದಿನ, ಹೋಟೆಲ್ ತುಂಬಿದ್ದಾಗ, ಅತ್ತೆ ಕಾಫಿ ಲೋಟ ಹಿಡಿದು ತಾನೇ ಅಡುಗೆಮನೆಯಿಂದ ಹೊರಗೆ ಬಂದಳು. ಹೆಂಗಸರು ಕೂರದ ಜಾಗವದು. ಗಂಡನ ಎದುರಿನ ಬೆಂಚಿನಲ್ಲಿ ಕುಳಿತಳು. ಸುತ್ತಲಿನವರು ತಿರುಗಿ ನೋಡಿದರು. ಲೋಟವನ್ನು ಅವನ ಮುಂದಿಟ್ಟಳು.

“ನಾನು ಬರಲ್ಲ. ದಿನಾ ಬಂದು ಕಾಯ್‌ಬ್ಯಾಡ್ರಿ. ಕಾಫಿ ಕುಡುದು ಹೋಗ್ರಿ,” ಎಂದಳು.

“ಜನದ ಮುಂದೆ ಮಾನ ಕಳೀತೀಯೇನೆ?” ಅವನ ದನಿ ತಗ್ಗಿತ್ತು.

“ಯಾರೂ ಇಲ್ದಾಗ ಹೊಡದ್ರಿ. ಅದುಕ್ಕೇ ಎಲ್ರ ಮುಂದೆ ಹೇಳ್ತಾ ಇದೀನಿ.”

ಅವನು ಎದ್ದ. ಕೈ ಎತ್ತುತ್ತಾನೆಂದು ನಾನು ಕಣ್ಣುಮುಚ್ಚಿದೆ. ತೆರೆದಾಗ ಸಿದ್ದಣ್ಣ ಅಂಗಿಯನ್ನು ಬದಿಗಿಟ್ಟು ಎದ್ದು ನಿಂತಿದ್ದ, ಮೇಷ್ಟ್ರೂ ನಿಂತಿದ್ದರು. ಅಪ್ಪ ಗಲ್ಲಾ ಬಿಟ್ಟು ಬಂದು ತಂಗಿಯ ಪಕ್ಕ ನಿಂತ. ಅತ್ತೆಯ ಗಂಡ ಕಾಫಿ ಮುಟ್ಟದೆ ಹೊರಟುಹೋದ, ಮತ್ತೆ ಬರಲಿಲ್ಲ.

ಭಯ ಮಾತ್ರ ಅವನ ಹಿಂದೆಯೇ ಹೋಗಲಿಲ್ಲ. ರಸ್ತೆ ಅಗಲ ಮಾಡುವಾಗ ಹೋಟೆಲೂ ಮನೆಯೂ ನೆಲಸಮವಾದವು. ಅಪ್ಪ ತೀರಿಕೊಂಡ. ಅತ್ತೆ ನನ್ನ ಮನೆಗೆ ಬಂದು, ಅಲ್ಲೇ ಮುದುಕಿಯಾದಳು. ಕೊನೆಯ ದಿನಗಳಲ್ಲೂ ಬಾಗಿಲು ಬಡಿದ ಸದ್ದಾದರೆ ಬೆಚ್ಚಿ, ಯಾರೆಂದು ಕೇಳುತ್ತಿದ್ದಳು. “ಹಾಲಿನೋನು ಕಣತ್ತೆ” ಎಂದರೆ ಉಸಿರುಬಿಟ್ಟು ದಿಂಬಿಗೆ ತಲೆಯಿಡುತ್ತಿದ್ದಳು. ಈಗ ಹಾಗೆ ಕೇಳುವವರು ಮನೆಯಲ್ಲಿಲ್ಲ. ಆದರೂ ಬಾಗಿಲು ತೆಗೆಯುವ ಮೊದಲು, ಯಾರು ಬಂದಿದ್ದಾರೆಂದು ಅತ್ತೆ ಮಲಗುತ್ತಿದ್ದ ಒಳಕೋಣೆಗೆ ಕೇಳುವಂತೆ ಹೇಳಿಯೇ ತೆಗೆಯುತ್ತೇನೆ.