ಹೋಗಿ ಬರ್ತೇನೆ ಎಂಬುದಕ್ಕೆ ಇಂಗ್ಲಿಷ್

ಮೊನ್ನೆ ಕಪಾಟು ಖಾಲಿ ಮಾಡುವಾಗ ನನ್ನ ಹತ್ತನೆಯ ತರಗತಿಯ ಇಂಗ್ಲಿಷ್ ಗ್ರಾಮರ್ ನೋಟ್ಸು ಸಿಕ್ಕಿತು. ಪುಟಗಳ ನಡುವೆ ಹೂ ಕಟ್ಟುವ ಒಂದು ಒಣ ಬಾಳೆನಾರು. ಮಲ್ಲಿಗೆಯ ವಾಸನೆ ಇಷ್ಟು ವರ್ಷ ಎಲ್ಲಿ ಉಳಿಯುತ್ತದೆ? ಆದರೂ ಮೂಸಿ ನೋಡಿದೆ...

ಶಂಕರಪುರದಲ್ಲಿ ನಮ್ಮ ಪಕ್ಕದ ಮನೆಯ ಟೀಚರ್ ಒಬ್ಬರೇ ಇದ್ದರು. ನಿವೃತ್ತಿಯ ನಂತರ ಅಂಗಳದ ನಾಲ್ಕು ಮಲ್ಲಿಗೆ ಗಿಡಗಳೇ ಅವರ ಸಂಸಾರ. ಭಾನುವಾರ ಬೆಳಿಗ್ಗೆ ಅವರು ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು, ನಾನು ಎದುರು ಕೂತು ಪ್ಯಾಸೇಜು ಓದುತ್ತಿದ್ದೆ. ಗೊತ್ತಿಲ್ಲದ ಶಬ್ದ ಬಂದಾಗ ನಾನು ಮೆಲ್ಲನೆ ಸಾಲು ಹಾರಿಸುತ್ತಿದ್ದೆ. ಅವರು ಹೂವಿನಿಂದ ಕಣ್ಣೆತ್ತದೆಯೇ ಹಿಡಿದುಬಿಡುತ್ತಿದ್ದರು. ಇಂಗ್ಲಿಷ್ ಪರೀಕ್ಷೆ ಎಂದರೆ ಹೊಟ್ಟೆನೋವು ಬರುತ್ತಿದ್ದ ನನ್ನನ್ನು ದಡ ಸೇರಿಸಿದ್ದು ಅವರೇ.

ಒಮ್ಮೆ, ಮನೆಯಿಂದ ಹೊರಡುವ ನೆಂಟರ ಮಾತು ಬರೆಯಲು ಹೇಳಿದರು. ನಾನು 'ಐ ವಿಲ್ ಗೋ ಆಂಡ್ ಕಮ್' ಎಂದು ಬರೆದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಇಂಗ್ಲಿಷಿನಲ್ಲಿ ಹೋಗಿ ಬರ್ಲಿಕ್ಕೆ ಇಲ್ಲ ಮಾರಾಯ್ತಿ, ಹೋಗ್ಲಿಕ್ಕೆ ಮಾತ್ರ ಉಂಟು" ಎನ್ನುತ್ತ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ, ಮೇಲೆ 'ಐ ಆಮ್ ಗೋಯಿಂಗ್' ಎಂದು ತಿದ್ದಿದರು.

ಪರೀಕ್ಷೆಗೆ ತಿಂಗಳಿರುವಾಗ ಅವರಿಗೆ ಮಣಿಪಾಲದಲ್ಲಿ ಆಪರೇಶನ್ ಎಂದಾಯಿತು. ಹೊರಡುವ ದಿನ ರಿಕ್ಷಾ ಬಂದು ನಿಂತಿತ್ತು. ಬೀಗದ ಕೈ ಅಮ್ಮನಿಗೆ ಕೊಟ್ಟು, ನನ್ನನ್ನು ನಗಿಸಲೆಂದೇ ಇರಬೇಕು, "ಐ ವಿಲ್ ಗೋ ಆಂಡ್ ಕಮ್" ಎಂದರು.

"ತಪ್ಪು ಟೀಚರ್!" ಎಂದೆ ನಾನು, ದೊಡ್ಡ ಪಂಡಿತೆಯ ಹಾಗೆ. "ನೀವೇ ಹೇಳಿದ್ದಲ್ವಾ?"

ಅವರ ನಗು ಒಂದು ಗಳಿಗೆ ನಿಂತಿತು. ನನ್ನ ತಲೆ ಸವರಿ, "ಸರಿ... ಐ ಆಮ್ ಗೋಯಿಂಗ್" ಎಂದು ರಿಕ್ಷಾ ಹತ್ತಿದರು.

"ಹೊರಟವರ ಬಾಯಲ್ಲಿ ಎಂತದು ಹೇಳಿಸುವುದು ನೀನು!" ಎಂದು ಅಮ್ಮ ಗದರಿದರು. ಇಂಗ್ಲಿಷ್ ಬಾರದ ಅಮ್ಮನಿಗೆ ಅದು ಹೇಗೋ ತಿಳಿದಿತ್ತು.

ಟೀಚರ್ ಬರಲಿಲ್ಲ. ಆಪರೇಶನ್ ಆದ ನಾಲ್ಕನೇ ದಿನ ತೀರಿಕೊಂಡರು. ಅವರ ಗಿಡದ ಮೊಗ್ಗುಗಳನ್ನು ಆ ವಾರವಿಡೀ ಅಮ್ಮನೇ ಕೊಯ್ದರು. ಪರೀಕ್ಷೆಯಲ್ಲಿ ನನಗೆ ಒಳ್ಳೆಯ ಅಂಕ ಬಂತು, ತೋರಿಸೋಣವೆಂದರೆ ಪಕ್ಕದ ಮನೆಗೆ ಬೀಗ.

ನನ್ನ ಮಾತಿನಿಂದ ಯಾರೂ ಸಾಯುವುದಿಲ್ಲ ಎಂದು ಈಗ ಗೊತ್ತು. ಆದರೂ ನೋಟ್ಸಿನ ಆ ಪುಟ ತೆರೆದಾಗ ಕಣ್ಣು ತುಂಬಿತು. ಕೆಂಪು ಗೀಟಿನ ಕೆಳಗೆ ನನ್ನ ವಾಕ್ಯ ಇನ್ನೂ ಓದಲು ಬರುತ್ತದೆ. ಅದು ತಪ್ಪೇ. ಅವರು ಹೇಳಿದಾಗ ಮಾತ್ರ ನಾನು ತಿದ್ದಬಾರದಿತ್ತು.