ಅತ್ತೆ ಕೇಳಿದ ಸ್ವರ

ಗೆಳೆಯರೇ, ಗಿಟಾರಿನ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಇಂದು ಮದ್ರಾಸಿನಿಂದ ಆದೋನಿಗೆ, ನನ್ನ ಕೈಗೆ ಬಂತು. ಮೈಕ್‌ಸೆಟ್ ಮಸ್ತಾನ್ ತಂದ ಹೊಸ ಆಂಪ್ಲಿಫೈಯರಿಗೆ ಜೋಡಿಸಿ ನನ್ನ ಗಿಟಾರ್ ನುಡಿಸಿದೆ. ತಗಡು ಹರಿದಂಥ ಸದ್ದು.

"ನನ್ನ ಸ್ಪೀಕರ್ ಹಾಳಾಗತೈತಿ, ಬಂದ್ ಮಾಡ್ರಿ," ಎಂದ ಮಸ್ತಾನ್.

ಜೊತೆಗಿದ್ದ ಗೆಳೆಯನ ಗಿಟಾರ್ ಹಾಕಿದರೂ ಅದೇ ಗತಿ. ಕೊನೆಗೆ ಮಸ್ತಾನನ ಹಳೆಯ, ಗಾಜಿನ ವಾಲ್ವ್‌ಗಳ ಆಂಪ್ಲಿಫೈಯರಿಗೆ ಜೋಡಿಸಿದೆವು. ಒಂದೇ ತಂತಿ ಮೀಟಿದೆ. ಸ್ವರ ದುಂಡಗೆ ಎದ್ದು, ಇಳಿಯದೆ ನಿಂತೇಬಿಟ್ಟಿತು.

ವೀಣೆ ಕಲಿಸುವ ನನ್ನ ಸೋದರತ್ತೆ ಬೈಯಲು ಬಂದವರು ಬಾಗಿಲಲ್ಲೇ ನಿಂತರು. "ನನ್ನ ವೀಣಿ ಸ್ವರ ಇಷ್ಟೊತ್ತು ಎಂದೂ ನಿಂತಿಲ್ಲೋ. ಇಲ್ಲಿ ಕೊಡು."

ಗಿಟಾರಿನ ತಂತಿ ಎಳೆದು ತೋಡಿ ರಾಗದ ಒಂದು ಗಮಕ ನುಡಿಸಿದರು.

"ಇನ್ನೊಮ್ಮಿ ನುಡಸ್ರಿ, ಅಮ್ಮಾ," ಎಂದ ಮಸ್ತಾನ್, ಮೆಲ್ಲಗೆ.

ಅತ್ತೆ ಇನ್ನೂ ನುಡಿಸುತ್ತಿದ್ದಾರೆ. ಪೆಡಲ್ ನನ್ನದೇ, ನನ್ನ ಸರದಿ ಮಾತ್ರ ನಾಳೆಯಂತೆ.